ಗೋಡೆಯ ಮರಳು ಹೊತ್ತ ಹುಳು

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಹಳೆಯ ಹೆಂಚಿನ ಮನೆಯಾಗಲಿ, ಹಾಸನದ ಅಂಚಿನ ಬಡಾವಣೆಯಲ್ಲಿ ಈಚೆಗಷ್ಟೇ ಗೃಹಪ್ರವೇಶವಾದ ಆರ್‌ಸಿಸಿ ಮನೆಯಾಗಲಿ, ಮಳೆ ಹಿಡಿದು ಗೋಡೆಗೆ ತಂಪು ಏರಿದ ಮೇಲೆ ಒಂದು ವಸ್ತು ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಬೂದು ಬಣ್ಣ, ಚಪ್ಪಟೆ ಮೈ, ನಡುವೆ ಅಗಲ, ಎರಡು ತುದಿಯೂ ಚೂಪು. ಸೌತೆಬೀಜವನ್ನು ಮಣ್ಣಿನಲ್ಲಿ ಹೊರಳಿಸಿ ಅಂಟಿಸಿದಂತೆ. ಉದ್ದ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಗಾರೆಯ ಚೂರೋ ಒಣಗಿದ ಕೊಳೆಯೋ ಇರಬೇಕೆಂದು ಪೊರಕೆ ಆಡಿಸುವವರೇ ಹೆಚ್ಚು. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ ಒಂದು ತುದಿಯಿಂದ ಕಂದು ತಲೆಯೂ ಮೂರು ಜೊತೆ ಪುಟ್ಟ ಕಾಲುಗಳೂ ಹೊರಬರುತ್ತವೆ; ಕಾಲು ಮುಂದಕ್ಕೆ ಚಾಚಿ ಗೋಡೆ ಹಿಡಿಯುತ್ತದೆ, ಆಮೇಲೆ ಮೈಮೇಲಿನ ಚೀಲವನ್ನು ಒಂದು ಜಗ್ಗು ಜಗ್ಗಿ ತನ್ನತ್ತ ಎಳೆದುಕೊಳ್ಳುತ್ತದೆ. ಇದು ಫೆರಿಯೋಇಕಾ ಎಂಬ ಕುಲದ ಸಣ್ಣ ಪತಂಗದ ಮರಿ, ಕಂಬಳಿ-ಶಾಲು ತಿನ್ನುವ ನುಸಿಹುಳುವಿನ ಮನೆತನದ್ದು. ಅಂಗಳಕ್ಕೆ ಇಳಿದರೆ ಇದರ ದೂರದ ಸಂಬಂಧಿ ಸಿಗುತ್ತದೆ. ಬೇಲಿಯ ಜಾಲಿಯಲ್ಲಿ, ಸರ್ವೆಯಲ್ಲಿ, ಒಮ್ಮೊಮ್ಮೆ ಮನೆಮುಂದಿನ ದಾಳಿಂಬೆ ಗುಲಾಬಿಗಳಲ್ಲೂ ಒಣಕಡ್ಡಿಗಳ ಪುಟ್ಟ ಕಟ್ಟೊಂದು ತೂಗುಬಿದ್ದಿರುತ್ತದೆ. ಅದರೊಳಗೂ ಒಂದು ಪತಂಗದ ಮರಿಹುಳು ಇದೆ. ಯೂಮೆಟಾ ಕ್ರಾಮೆರಿ ಎಂದು ಅದಕ್ಕೆ ಶಾಸ್ತ್ರೀಯ ಹೆಸರು.

ಇವು ಹೀಗೇಕೆ ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಹಕ್ಕಿ ಹಲ್ಲಿಗಳ ಕಣ್ಣು ತಪ್ಪಿಸಲು ವೇಷ ಹಾಕಿಕೊಂಡಿವೆ. ಒಣ ಎಲೆಯಂತೆ ಕಾಣುವ ಚಿಟ್ಟೆ, ಕಡ್ಡಿಯಂತೆ ನಿಲ್ಲುವ ಕೀಟ ಇವುಗಳ ಸಾಲಿನಲ್ಲೇ ಇವನ್ನೂ ಕೂರಿಸುತ್ತೇವೆ. ಈ ಉತ್ತರ ಪೂರ್ತಿ ಸುಳ್ಳಲ್ಲದಿದ್ದರೂ ಅದು ವಿಷಯವನ್ನು ತಲೆಕೆಳಗಾಗಿ ಹಿಡಿದಿದೆ ಎಂಬುದು ನನ್ನ ತಿಳಿವಳಿಕೆ. ಎಲೆಚಿಟ್ಟೆಯ ಬಣ್ಣ ಅದರ ಮೈಯಿಂದಲೇ ಹುಟ್ಟಿದ್ದು; ಒಣ ಎಲೆಯೇ ಇಲ್ಲದ ಕಡೆ ಹೋಗಿ ಕೂತರೂ ಅದು ಒಣ ಎಲೆಯಂತೆಯೇ ಇರುತ್ತದೆ. ಗೋಡೆಯ ಹುಳುವಿಗೆ ಅಂಥ ಸ್ವಂತ ಬಣ್ಣವಿಲ್ಲ, ಅದರ ಮೇಲೆ ಇರುವುದೆಲ್ಲ ನಮ್ಮ ಮನೆಯ ಬಣ್ಣ. ಮೊದಲು ಅದಕ್ಕೆ ಬೇಕಾದದ್ದು ಸೂರು. ಸೂರು ಕಟ್ಟಲು ಆ ಕ್ಷಣ ಸುತ್ತ ಏನು ಬಿದ್ದಿದೆಯೋ ಅದನ್ನು ಬಳಸುತ್ತದೆ. ಬಿದ್ದಿರುವುದು ಆ ಜಾಗದ್ದೇ ಆದ್ದರಿಂದ ಕಟ್ಟಿದ್ದು ಆ ಜಾಗದಂತೆ ಕಾಣುತ್ತದೆ. ಕಣ್ಣಿಗೆ ಬೀಳದಿರುವುದು ಆ ಕಟ್ಟಡದಿಂದ ಕೆಲವು ಕಡೆ ಸಿಗುವ ಲಾಭ. ಎಲ್ಲ ಕಡೆಯೂ ಅದು ಸಿಗುವುದಿಲ್ಲ.

ಕಟ್ಟುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊಟ್ಟೆಯಿಂದ ಬಂದ ಮರಿ ಅಲೆದಾಡುವ ಮೊದಲೇ ಕೆಲಸಕ್ಕೆ ಕೂರುತ್ತದೆ. ಬಾಯಿಂದ ರೇಷ್ಮೆಯ ಎಳೆ ತೆಗೆದು, ಎರಡೂ ಬುಡ ನೆಲಕ್ಕಂಟಿದ ಒಂದು ಕಮಾನು ಹೂಡುತ್ತದೆ. ಕಮಾನಿನ ಹೊರಮೈಗೆ ಮರಳಿನ ಕಣ, ಮಣ್ಣು, ಕಬ್ಬಿಣದ ತುಕ್ಕು, ಇರುವೆಯ ಕಾಲು, ಕೂದಲು, ಬಟ್ಟೆಯ ನಾರು, ಹೀಗೆ ಬಾಯಿಗೆ ಸಿಕ್ಕಿದ್ದನ್ನೆಲ್ಲ ಮೆತ್ತುತ್ತದೆ. ಒಳಮೈಗೆ ಮಾತ್ರ ರೇಷ್ಮೆಯ ಹೊರತು ಬೇರೇನನ್ನೂ ಬಿಟ್ಟುಕೊಳ್ಳುವುದಿಲ್ಲ. ಕಮಾನನ್ನು ಉದ್ದಕ್ಕೆ ಬೆಳೆಸಿ ಸುರಂಗ ಮಾಡಿ, ಕೆಳಭಾಗವನ್ನೂ ಮುಚ್ಚಿ, ನೆಲದಿಂದ ಬಿಡಿಸಿಕೊಂಡ ಮೇಲೆಯೇ ಅದರ ಸಂಚಾರ ಶುರು. ಪೊರೆ ಬಿಟ್ಟಾಗಲೆಲ್ಲ ಚೀಲವನ್ನು ಹಿಗ್ಗಿಸಿಕೊಳ್ಳುತ್ತದೆ. ನಡುಭಾಗ ಅಗಲವಾಗಿರುವುದು ಅಂದಕ್ಕಲ್ಲ: ಒಳಗೇ ಮಗುಚಿಕೊಂಡು ಇನ್ನೊಂದು ತುದಿಯಿಂದ ತಲೆ ಹಾಕಲು ಹುಳುವಿಗೆ ಅಷ್ಟು ಜಾಗ ಬೇಕು. ಎರಡೂ ತುದಿ ಬಾಗಿಲೇ ಆದ್ದರಿಂದ ಇದಕ್ಕೆ ಹಿಂದು ಮುಂದು ಎಂಬುದಿಲ್ಲ. ಆನೆಟ್ ಐಯೆಲ್ಲೋ ಎಂಬ ವಿಜ್ಞಾನಿ ಪನಾಮಾದಲ್ಲಿ ಈ ಕುಲದ ಹುಳುಗಳನ್ನು ಸತ್ತ ಸೊಳ್ಳೆ ತಿನ್ನಿಸಿ ಸಾಕಿ, 1979ರಲ್ಲಿ ಅವುಗಳ ಬದುಕಿನ ವಿವರ ಪ್ರಕಟಿಸಿದರು. ಮೊಟ್ಟೆಯಿಂದ ಪತಂಗದವರೆಗೆ 62ರಿಂದ 86 ದಿನ ಹಿಡಿಯುತ್ತದೆ. ಪತಂಗವಾದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಹಾಗಾಗಿ ಈ ಜೀವದ ಉಣಿಸು ತಿನಿಸು, ಬೆಳವಣಿಗೆ ಎಲ್ಲವೂ ನಡೆಯುವುದು ಚೀಲದ ಕಾಲದಲ್ಲೇ.

ಸಾಮಗ್ರಿಯನ್ನು ಹುಳು ಬಣ್ಣ ನೋಡಿ ಆರಿಸುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷ್ಯವೊಂದಿದೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ರೆಯೋಮ್ಯೂರ್ ಎಂಬ ಪಂಡಿತ, ಇದೇ ಮನೆತನದ, ಉಣ್ಣೆಬಟ್ಟೆ ತಿಂದು ಅದರದೇ ಎಳೆಗಳಿಂದ ಚೀಲ ಕಟ್ಟುವ ನುಸಿಹುಳುಗಳನ್ನು ಒಂದು ಬಣ್ಣದ ಬಟ್ಟೆಯಿಂದ ಇನ್ನೊಂದು ಬಣ್ಣದ ಬಟ್ಟೆಗೆ ಸಾಗಿಸಿ ನೋಡಿದ. ಚೀಲದಲ್ಲಿ ಪಟ್ಟೆಗಳು ಮೂಡಿದವು. ಹಳೆಯ ಭಾಗ ಹಳೆಯ ಬಟ್ಟೆಯದು, ಹೊಸದಾಗಿ ಸೇರಿಸಿದ್ದು ಹೊಸ ಬಟ್ಟೆಯದು. ಕಣ್ಣು ತಪ್ಪಿಸುವುದೇ ಮುಖ್ಯವಾಗಿದ್ದರೆ ಕೆಂಪು ಬಟ್ಟೆಗೆ ಬಂದ ಹುಳು ತನ್ನ ನೀಲಿ ಚೀಲವನ್ನು ಕಳಚಿ ಎಸೆಯಬೇಕಿತ್ತು, ಇಲ್ಲವೇ ಅದರ ಮೇಲೆ ಕೆಂಪು ಹೊದಿಸಬೇಕಿತ್ತು. ಅದು ಎರಡನ್ನೂ ಮಾಡಲಿಲ್ಲ; ಮೈ ಬೆಳೆದಾಗ ಚೀಲ ಬಿಗಿಯಾಗದಂತೆ ತೇಪೆ ಹಾಕಿಕೊಂಡಿತು. ಯಾವ ಬಟ್ಟೆಯ ಮೇಲೆ ಎಷ್ಟು ಕಾಲ ಇತ್ತೆಂಬ ಲೆಕ್ಕ ಅದರ ಬೆನ್ನ ಮೇಲೆಯೇ ಉಳಿಯಿತು. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಪ್ರಯೋಗ ಸಿಗಲಾರದು.

ಇದೇ ಲೆಕ್ಕವನ್ನು ನಮ್ಮ ಸೀಮೆಯ ಗೋಡೆಗಳ ಮೇಲೆಯೂ ಓದಬಹುದು. ರುದ್ರಪಟ್ಟಣ ಕಾವೇರಿ ದಡದ ಊರು, ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತಗಾರರ ಹೆಸರಿನ ಮೊದಲ ಅಕ್ಷರವಾಗಿ ನಾಡೆಲ್ಲ ಸುತ್ತಿದ ಊರು. ಹೊಳೆದಂಡೆಯ ಊರುಗಳಲ್ಲಿ ಹಿಂದೆ ಮನೆ ಕಟ್ಟಿದವರು ಗಾರೆಗೆ ಹೊಳೆಯ ಮರಳನ್ನೇ ಬಳಸಿದ್ದಾರೆ. ನೀರಿನಲ್ಲಿ ಉರುಳಿ ಉರುಳಿ ಬಂದ ಕಣ ಅದು, ಅಂಚು ಸವೆದಿರುತ್ತದೆ, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಹಳೆಯ ಸುಣ್ಣದ ಗಾರೆ ತಂಪಿಗೆ ಉಬ್ಬಿ ಉದುರಿದಾಗ ಗೋಡೆಯ ಬುಡದಲ್ಲಿ ಬೀಳುವುದು ಈ ಕಣವೇ. ಹುಳು ಎತ್ತಿಕೊಳ್ಳುವುದೂ ಅದನ್ನೇ. ಹೊಳೆಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಹೊಸ ಮನೆಗಳಿಗೆ ಬರುವುದು ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್. ಅದರ ಕಣ ಮೂಲೆಮೂಲೆಯಾಗಿ ಮಾಸಲು ಬೂದು. ಒಂದು ಭೂತಗನ್ನಡಿ ಇದ್ದರೆ ಸಾಕು, ಹುಳು ಯಾವ ಬಗೆಯ ಗಾರೆಯ ಬುಡದಲ್ಲಿ ಬೆಳೆಯಿತೆಂದು ಚೀಲದ ಮೇಲಿನ ಕಣಗಳಿಂದ ಊಹಿಸಬಹುದು. ಪುಟ್ಟಿ ಬಳಿದು ಎಮಲ್ಷನ್ ಹೊಡೆದ ಗೋಡೆ ಏನನ್ನೂ ಉದುರಿಸುವುದಿಲ್ಲ. ಅಂಥ ಮನೆಯಲ್ಲಿ ಹುಳುವಿಗೆ ಸಿಗುವುದು ಕಾಲೊರಸಿನ ಧೂಳು, ಮಂಚದ ಕೆಳಗಿನ ನಾರು, ತಲೆಕೂದಲು. ಅದೇ ರುದ್ರಪಟ್ಟಣದ ಒಂದೇ ಬೀದಿಯ ಎರಡು ಮನೆಗಳ ಹುಳುಗಳು ಹೀಗೆ ಎರಡು ಬಣ್ಣವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಆ ಎಮಲ್ಷನ್ ಗೋಡೆಯ ಮೇಲೆ ಹುಳು ಎಷ್ಟರ ಮಟ್ಟಿಗೆ ಮರೆಯಾಗಿದೆ ಎಂದು ನೋಡಿ. ಮಸಿ ಹಿಡಿದ ಅಡುಗೆಮನೆಯ ಗೋಡೆಯಲ್ಲಿ, ಅಟ್ಟದ ತೊಲೆಯ ಸಂದಿಯಲ್ಲಿ ಅದನ್ನು ಹುಡುಕಬೇಕಾಗುತ್ತದೆ, ನಿಜ. ಹೊಸ ಬಡಾವಣೆಯ ಹಾಲುಬಿಳುಪಿನ ಗೋಡೆಯಲ್ಲಿ ಅದು ಕೋಣೆಯ ಆ ತುದಿಯಿಂದಲೇ ಕಾಣುತ್ತದೆ. ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಹೊಸ ಮನೆಗೆ ಬಂದವರು "ಹಳೇ ಮನೇಲಿ ಈ ಹುಳ ಇರಲೇ ಇಲ್ಲ" ಎಂದರೆ, ಅಲ್ಲಿ ಇಲ್ಲದೆ ಇದ್ದದ್ದು ಬಿಳಿ ಗೋಡೆ ಎಂದುಕೊಳ್ಳುವುದೇ ಸರಿಯಾದೀತು. ಹುಳುವಂತೂ ತನ್ನ ರೀತಿ ಬದಲಿಸಿಲ್ಲ. ಕೆಳಗೆ ಬಿದ್ದ ಧೂಳಿನಿಂದ ಕಟ್ಟಿದ ಚೀಲವನ್ನು ಮೇಲಿನ ಬಿಳುಪಿನಲ್ಲಿ ಎಳೆದುಕೊಂಡು ಹೋಗುತ್ತದೆ, ಯಾವ ಅಳುಕೂ ಇಲ್ಲದೆ.

ಇದಕ್ಕೆ ಬಲವಾದ ಆಕ್ಷೇಪವೊಂದು ಬರುತ್ತದೆ, ಅದು ಅಂಗಳದ ಕಡ್ಡಿಕಟ್ಟಿನ ಕಡೆಯಿಂದ. ಸಿಕ್ಕಿದ್ದನ್ನು ಮೆತ್ತಿಕೊಳ್ಳುವುದಷ್ಟೇ ಆಗಿದ್ದರೆ ಅದು ಗೊಂದಲದ ಗುಡ್ಡೆಯಾಗಬೇಕಿತ್ತು. ಯೂಮೆಟಾ ಕ್ರಾಮೆರಿಯ ಚೀಲದಲ್ಲಿ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ಕಡ್ಡಿಗಳನ್ನು ಅದು ಹಲ್ಲಿನಿಂದ ಕತ್ತರಿಸಿ, ಉದ್ದುದ್ದಕ್ಕೆ ಒಂದರ ಪಕ್ಕ ಒಂದು ಜೋಡಿಸಿ ಬಿಗಿಯುತ್ತದೆ. ಇದೇ ಕುಟುಂಬದ ಬೇರೆ ಜಾತಿಗಳು ಎಲೆಚೂರನ್ನು ಹೆಂಚಿನಂತೆ ಹೊದಿಸುತ್ತವೆ, ಹುಲ್ಲಿನ ಎಳೆ ಜೋಡಿಸುತ್ತವೆ, ಕಲ್ಲುಹೂವಿನ ಪುಡಿ ಮೆತ್ತುತ್ತವೆ. ಸುಮಾರು 1,350 ಜಾತಿಗಳಿರುವ ಈ ಕುಟುಂಬದಲ್ಲಿ ಚೀಲ ನೋಡಿಯೇ ಜಾತಿ ಗುರುತಿಸುವುದು ಎಷ್ಟೋ ಸಲ ಸಾಧ್ಯ. ಕಡ್ಡಿಯ ನಡುವೆ ಕಡ್ಡಿಯಾಗುವ ಈ ಕೌಶಲ ಮರೆಯಾಗುವುದಕ್ಕಲ್ಲದೆ ಇನ್ನಾವುದಕ್ಕೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಮಾದರಿ ಹುಳುವಿಗೆ ಹುಟ್ಟಿನಿಂದ ಬಂದದ್ದು, ಅದರಲ್ಲಿ ಪೀಳಿಗೆಗಳ ಆಯ್ಕೆ ಕೆಲಸ ಮಾಡಿದೆ. ಕಡ್ಡಿಯೆಂದು ಭ್ರಮಿಸಿ ಬಿಟ್ಟುಹೋದ ಹಕ್ಕಿಗಳಿಗೂ ಆ ಆಯ್ಕೆಯಲ್ಲಿ ಪಾಲಿರುತ್ತದೆ. ಆದರೆ ಮಾದರಿಯಲ್ಲಿ ಬರೆದಿರುವುದು ಜೋಡಿಸುವ ಬಗೆ ಮಾತ್ರ. ಜಾಲಿಯ ಮೇಲೆ ಇದ್ದರೆ ಜಾಲಿಯದು, ಸರ್ವೆಯ ಮೇಲೆ ಇದ್ದರೆ ಸರ್ವೆಯದು, ಹೀಗೆ ಹೊದಿಕೆಯನ್ನು ಒದಗಿಸುವುದು ನಿಂತ ಮರ. ಮೇಲಾಗಿ ಉದ್ದಕ್ಕೆ ಜೋಡಿಸಿದ ಕಡ್ಡಿ ಹಗುರವಾಗಿದ್ದೂ ಗಟ್ಟಿ; ಅದನ್ನು ಹಿಸುಕಿ ಒಳಗಿನದನ್ನು ತೆಗೆಯುವುದು ಸುಲಭವಲ್ಲ. ಚೀಲವನ್ನು ಬಿಡಿಸಿ ನೋಡಲು ಹೊರಟವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ: ಕಡ್ಡಿ ಮುರಿದರೂ ಒಳಗಿನ ರೇಷ್ಮೆ ಹರಿಯುವುದಿಲ್ಲ, ಕತ್ತರಿಯೇ ಬೇಕು. ಜಪಾನಿನಲ್ಲಿ ಇದರ ಹತ್ತಿರದ ಬಂಧುವಿನ ರೇಷ್ಮೆ ಜೇಡನ ಎಳೆಗಿಂತ ಗಟ್ಟಿಯೆಂದು 2018ರಲ್ಲಿ ಸಂಶೋಧಕರು ಪ್ರಕಟಿಸಿ, ಉದ್ಯಮಕ್ಕೆ ಬಳಸುವ ದಾರಿ ಹುಡುಕತೊಡಗಿದರು. ಕಣ್ಣು ತಪ್ಪಿಸುವುದೊಂದೇ ಉದ್ದೇಶವಾಗಿದ್ದರೆ ಒಳಗೆ ಇಷ್ಟು ಗಟ್ಟಿ ಗೋಡೆ ಬೇಕಿರಲಿಲ್ಲ.

ಈ ಹುಳುಗಳನ್ನು ಹೆಚ್ಚಾಗಿ ಕೊಲ್ಲುವವರು ಯಾರೆಂದು ನೋಡಿದರೆ ವೇಷದ ಮಾತು ಇನ್ನೂ ತೆಳುವಾಗುತ್ತದೆ. ಸಣ್ಣ ಸಣ್ಣ ಕಣಜಗಳು ವಾಸನೆ ಹಿಡಿದು ಬಂದು ಚೀಲದೊಳಕ್ಕೆ ಮೊಟ್ಟೆ ಚುಚ್ಚುತ್ತವೆ. ಅವಕ್ಕೆ ಬಣ್ಣ ಹೊಂದಿದೆಯೋ ಇಲ್ಲವೋ ಬೇಕಾಗಿಲ್ಲ. ಜಪಾನಿನ ದೊಡ್ಡ ಕಡ್ಡಿಹುಳು ಯೂಮೆಟಾ ಜಪೋನಿಕಾದ ಕಥೆ ಇಲ್ಲಿ ನೆನೆಯಬೇಕಾದದ್ದು. ಊರೂರಿನ ಉದ್ಯಾನಗಳಲ್ಲಿ ಮಕ್ಕಳಿಗೂ ಪರಿಚಿತವಾಗಿದ್ದ ಆ ಹುಳು 1990ರ ದಶಕದ ನಡುವೆ ದೇಶದ ಪಶ್ಚಿಮ ಭಾಗದಿಂದ ಶುರುವಾಗಿ ಅಪರೂಪವಾಗುತ್ತ ಬಂತು. ಕೆಲವು ಪ್ರಾಂತಗಳಲ್ಲಿ ಅಳಿವಿನಂಚಿನ ಪಟ್ಟಿಗೇ ಸೇರಿತು. ಕಾರಣ ನೀಲ್ಸೋಮಿಯಾ ರುಫೆಲ್ಲಾ ಎಂಬ ಒಂದು ನೊಣ. ಅದು ಹುಳುವಿನ ಮೈಮೇಲೆ ಬರುವುದೇ ಇಲ್ಲ. ಹುಳು ಮೇಯುವ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆಗಳನ್ನಿಟ್ಟು ಹೋಗುತ್ತದೆ. ಹುಳು ಎಲೆಯ ಜೊತೆಗೆ ಮೊಟ್ಟೆಯನ್ನೂ ತಿನ್ನುತ್ತದೆ. ನೊಣದ ಮರಿ ಒಳಗಿನಿಂದ ಹುಳುವನ್ನು ತಿಂದು ಮುಗಿಸುತ್ತದೆ. ಕಡ್ಡಿಯ ಹೊದಿಕೆ, ರೇಷ್ಮೆಯ ಗೋಡೆ, ಬಣ್ಣದ ಹೊಂದಿಕೆ ಯಾವುದೂ ಅಲ್ಲಿ ನೆರವಿಗೆ ಬರಲಿಲ್ಲ.

ಹಾಗಾದರೆ ಚೀಲದಿಂದ ಆಗುವ ದಿನನಿತ್ಯದ ಉಪಕಾರವೇನು? ಅಟ್ಟದ ಕತ್ತಲು, ಬೀರುವಿನ ಹಿಂಭಾಗ, ಬಚ್ಚಲುಮನೆಯ ಮೂಲೆ, ಹುಳು ಹೆಚ್ಚಾಗಿ ಇರುವ ಈ ಜಾಗಗಳೇ ಅದಕ್ಕೆ ಉತ್ತರ ಕೊಡುತ್ತವೆ. ನೋಡುವ ಕಣ್ಣೇ ಇಲ್ಲದ ಅಂಥ ಕತ್ತಲಲ್ಲೂ ಅದು ಚೀಲ ಕಟ್ಟುತ್ತದೆ, ಬೆಳಕಿನಲ್ಲಿ ಕಟ್ಟುವಷ್ಟೇ ಜತನದಿಂದ. ತೆಳ್ಳನೆ ಚರ್ಮದ ಮೆತ್ತನೆಯ ಹುಳು ಅದು, ತೇವ ಆರಿದರೆ ಉಳಿಯುವುದಿಲ್ಲ. ಗಾಳಿಯಲ್ಲಿ ತೇವ ಇರುವ ಕಡೆಯೇ ಈ ಹುಳುಗಳು ನೆಲೆಸುವುದಕ್ಕೂ, ನಮ್ಮಲ್ಲಿ ಮಳೆಗಾಲದಲ್ಲಿ ಹೆಚ್ಚಾಗಿ ಕಾಣುವುದಕ್ಕೂ ಕಾರಣ ಇದೇ. ಇರುವೆಯೊಂದು ಎದುರಾದರೆ ತಲೆ ಒಳಗೆಳೆದುಕೊಂಡು ಚೀಲವನ್ನು ಗೋಡೆಗೆ ಒತ್ತಿ ಹಿಡಿಯುವುದಷ್ಟೇ ಅದರ ಯುದ್ಧ. ಗೋಡೆಯ ಹುಳುವಿನ ಪೂರ್ವಜರು ಎಲ್ಲೋ ಬಯಲಿನಲ್ಲಿ, ಬಂಡೆಯ ಸಂದಿನಲ್ಲಿ ಇದ್ದಾಗ ಮರೆಯಾಗುವುದೇ ಮುಖ್ಯವಾಗಿತ್ತು, ಈಗಿನದು ಬರೀ ರೂಢಿ ಎನ್ನುವವರಿರಬಹುದು. ಇರಲಿ. ಆ ಕಾಲದಲ್ಲೂ ಕೆಳಗಿನ ಮಣ್ಣೂ ಹಿಂದಿನ ಬಂಡೆಯೂ ಒಂದೇ ಬಣ್ಣವಾಗಿದ್ದದ್ದರಿಂದ ಅದು ಮರೆಯಾಗಿರುತ್ತದೆ. ನೆಲದ ಬಣ್ಣ ಬೇರೆ, ಗೋಡೆಯ ಬಣ್ಣ ಬೇರೆ ಮಾಡಿದವರು ನಾವು.

ಇಷ್ಟೆಲ್ಲ ವಾದ ಏಕೆಂದರೆ, ಅಡಗಿಕೊಂಡದ್ದನ್ನು ಕಳ್ಳನೆಂದೇ ನೋಡುವುದು ನಮ್ಮ ಅಭ್ಯಾಸ. ಸಿಂಹಳದಲ್ಲಿ ಈ ಕಡ್ಡಿಹುಳುಗಳನ್ನು ಸೌದೆಕಟ್ಟು ಎಂದು ಕರೆಯುತ್ತಾರೆಂದೂ, ಹಿಂದಿನ ಜನ್ಮದಲ್ಲಿ ಸೌದೆ ಕದ್ದವರು ಆ ಪಾಪಕ್ಕೆ ಹೀಗೆ ಹುಟ್ಟಿ ಹೊರೆ ಹೊತ್ತಿದ್ದಾರೆಂದು ಜನ ನಂಬುತ್ತಾರೆಂದೂ ಎಮರ್ಸನ್ ಟೆನೆಂಟ್ ಎಂಬ ಬರಹಗಾರ 1861ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಿಗೆ ಲೋಡುಗಟ್ಟಲೆ ಸೌದೆ ಉರಿಯುವ ಅರಕಲಗೂಡು-ರಾಮನಾಥಪುರದ ಕಡೆಯಲ್ಲಿ ಆ ನಂಬಿಕೆಯ ನೋವು ಬೇಗ ಅರ್ಥವಾಗುತ್ತದೆ. ಆದರೆ ಹುಳು ಕದ್ದದ್ದು ಏನೂ ಇಲ್ಲ. ಗೋಡೆಯದು ತಿನ್ನುವುದು ಹಳೆಯ ಜೇಡರ ಬಲೆ, ಸತ್ತ ಕೀಟ, ಉದುರಿದ ಕೂದಲು, ತನ್ನದೇ ಜಾತಿಯವು ಬಿಟ್ಟುಹೋದ ಖಾಲಿ ಚೀಲ. ಹತ್ತಿಬಟ್ಟೆಯನ್ನು ತಿನ್ನುವುದಿಲ್ಲ. ಉಣ್ಣೆಯ ಶಾಲನ್ನು ತಿನ್ನುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಶಾಲನ್ನು ಬಿಸಿಲಿಗೆ ಹಾಕಿ, ಕೊಡವಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿಟ್ಟರೆ ಅದಕ್ಕೆ ಪರಿಹಾರವಾಯಿತು. ಕಚ್ಚುವ, ಕುಟುಕುವ ಜೀವಿಯಂತೂ ಅಲ್ಲ. ಹೆಚ್ಚಾದರೆ ಬಲೆ ತೆಗೆದು, ಸಂದಿಗಳಿಗೆ ಗಾಳಿ ಆಡಲು ಬಿಟ್ಟರೆ ಆಹಾರವೂ ತೇವವೂ ಇಲ್ಲದೆ ತಾನೇ ಕಡಿಮೆಯಾಗುತ್ತದೆ. ಅದನ್ನು ಬಿಟ್ಟು ಮಕ್ಕಳು ಮಲಗುವ ಕೋಣೆಯಲ್ಲಿ ಜಿರಳೆಯ ಸ್ಪ್ರೇ ಹೊಡೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು.

ತೋಟದ ಲೆಕ್ಕ ಬೇರೆ ಎನ್ನುತ್ತಾರೆ, ಅಲ್ಲಿ ನಷ್ಟ ನಿಜ. ಹೌದು, ಕಡ್ಡಿಹುಳು ಹೆಚ್ಚಾದರೆ ಗಿಡವನ್ನು ಬೋಳು ಮಾಡುತ್ತದೆ. ಕೇರಳದಲ್ಲಿ ಹುಣಸೆಮರದಲ್ಲಿ ಅಲ್ಪಸ್ವಲ್ಪ ಇದ್ದ ಟೆರೋಮಾ ಪ್ಲಾಜಿಯೋಫ್ಲೆಪ್ಸ್ ಎಂಬ ಇನ್ನೊಂದು ಚೀಲದ ಹುಳು, 1970ರ ದಶಕದ ಕೊನೆಯ ಹೊತ್ತಿಗೆ ಹೊರಗಿನಿಂದ ತಂದು ಬೆಳೆಸಿದ ಫಾಲ್ಕಟೇರಿಯಾ ಮರದ ನೆಡುತೋಪುಗಳಲ್ಲಿ ಹಾವಳಿಯಾಯಿತು. ಆದರೆ ಮಲೇಷ್ಯಾದ ತಾಳೆಎಣ್ಣೆ ತೋಟಗಳ ಅನುಭವವನ್ನು ಮರೆಯಬಾರದು. 1950ರ ದಶಕದ ಕೊನೆಗೆ ಅಲ್ಲಿ ಡಿಡಿಟಿ, ಎಂಡ್ರಿನ್, ಡೈಎಲ್ಡ್ರಿನ್‌ಗಳನ್ನು ಎಲ್ಲ ಕೀಟಗಳಿಗೂ ಸೇರಿಸಿ ಹೊಡೆದ ಮೇಲೆ ಚೀಲದ ಹುಳುಗಳು ಕಡಿಮೆಯಾಗುವ ಬದಲು ಉಕ್ಕಿ ಹರಿದವು. ವಿಷಕ್ಕೆ ಮೊದಲು ಸತ್ತದ್ದು ಹೊರಗೆ ಹಾರಾಡುವ ಪರಾವಲಂಬಿ ಕಣಜಗಳು. ಚೀಲದೊಳಗೆ ಕೂತ ಹುಳುಗಳಲ್ಲಿ ಬಹಳಷ್ಟು ಉಳಿದುಕೊಂಡವು. ಬ್ರಯಾನ್ ವುಡ್ ಎಂಬ ಕೀಟತಜ್ಞ ಇದನ್ನು ಗುರುತಿಸಿದರು. ಅಂಥ ಸಿಂಪಡಣೆ ನಿಲ್ಲಿಸಿದ ತೋಟಗಳಲ್ಲಿ ಕಣಜಗಳು ಮರಳಿ ಬಂದು ಹಾವಳಿ ಇಳಿಯಿತು. ಚೀಲವನ್ನು ಬರೀ ವೇಷವೆಂದು ತಿಳಿದವರು ಹುಳು ಸಿಕ್ಕಿಬಿದ್ದರೆ ಸಾಯುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ. ಚೀಲ ಮನೆಯೆಂದು ತಿಳಿದವರಿಗೆ ವಿಷ ಮೊದಲು ಯಾರನ್ನು ತಟ್ಟುತ್ತದೆ ಎಂಬುದು ಮುಂಚೆಯೇ ಹೊಳೆಯುತ್ತದೆ.

ಮನೆಯಂಗಳದ ದಾಳಿಂಬೆಗೋ ಗುಲಾಬಿಗೋ ಕೈಯಿಂದ ಕೀಳುವುದೇ ಸಾಕು, ಅದೂ ಹುಳುಗಳು ಇನ್ನೂ ಓಡಾಡುತ್ತಿರುವಾಗ. ಚೀಲ ಕೊಂಬೆಗೆ ಬಿಗಿದು ಅಲುಗಾಡದಂತಾದರೆ ಒಳಗೆ ಅದು ಕೋಶವಾಗಿದೆ ಎಂದರ್ಥ. ಹೆಣ್ಣಾಗಿದ್ದರೆ ಅದಕ್ಕೆ ರೆಕ್ಕೆ ಬರುವುದಿಲ್ಲ. ಚೀಲ ಬಿಟ್ಟು ಹೊರಗೂ ಬರುವುದಿಲ್ಲ. ಗಂಡು ಪತಂಗವೇ ಹುಡುಕಿಕೊಂಡು ಬರಬೇಕು, ಮೊಟ್ಟೆಗಳೆಲ್ಲ ಆ ಚೀಲದೊಳಗೇ. ಮರಿಗಳು ಎಳೆ ಹಿಡಿದು ಗಾಳಿಗೆ ತೇಲಿದ ಮೇಲೆ ಕೀಳುವುದರಿಂದ ಏನೂ ಪ್ರಯೋಜನವಿಲ್ಲ. ಕೀಳುವಾಗ ಪಕ್ಕದಲ್ಲಿ ಸಣ್ಣ ದುಂಡು ತೂತಿರುವ ಚೀಲ ಕಂಡರೆ ಅದನ್ನು ಹಾಗೇ ಬಿಡಬಹುದು. ಕಣಜದ ಕೆಲಸ ಅಲ್ಲಿ ಆಗಲೇ ಮುಗಿದಿರುತ್ತದೆ. ಉಳಿದವನ್ನು ಬೆಂಕಿಗೆ ಹಾಕುವ ಬದಲು ಒಂದು ಡಬ್ಬದಲ್ಲಿ ತುಂಬಿ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದು ಗಿಡದ ಬುಡದಲ್ಲಿಟ್ಟರೆ ಇನ್ನೂ ಒಳ್ಳೆಯದು. ಬೆಳೆದ ಹುಳುಗಳು ಒಳಗೇ ಉಳಿಯುತ್ತವೆ; ಅವುಗಳ ಮೈಯಿಂದ ಹೊರಬಂದ ಕಣಜಗಳು ಬಟ್ಟೆಯ ಕಣ್ಣಿನಿಂದ ತೂರಿ ಪಕ್ಕದ ಬೇಲಿಯ ಜಾಲಿಗೆ ಹೋಗುತ್ತವೆ.